ಐದನೇ ಪಾದ

‘ನಕ್ಷತ್ರ: ಮಖಾ. ಪಾದ: 5. ಫಲ:’

ಅಷ್ಟೇ. ‘ಫಲ’ ಎಂಬ ಪದ, ಪಕ್ಕದಲ್ಲಿ ಎರಡು ಚುಕ್ಕಿ, ಆಮೇಲೆ ಖಾಲಿ ಕಾಗದ. ಉಳಿದ ಸಾಲುಗಳನ್ನೆಲ್ಲ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಒತ್ತೊತ್ತಾಗಿ ಕುಟ್ಟಿತ್ತು. ಈ ಒಂದು ಸಾಲಿನಲ್ಲಿ ಮಾತ್ರ, ಏನೋ ಹೇಳಲು ಬಾಯಿ ತೆರೆದು ಸುಮ್ಮನಾದವರ ಹಾಗೆ ನಿಂತುಬಿಟ್ಟಿತ್ತು.

ನಕ್ಷತ್ರವೊಂದಕ್ಕೆ ನಾಲ್ಕೇ ಪಾದ. ಜಾತಕ ನಂಬುವವರಿಗೂ ಗೊತ್ತು, ನಂಬದವರಿಗೂ ಗೊತ್ತು. (ನಾನು ಎರಡನೆಯ ಗುಂಪಿನವಳು.) ಹಾಗಾದರೆ ಈ ಐದನೆಯದು ಎಲ್ಲಿಂದ ಬಂತು?

ನನ್ನ ಮನೆ, ನನ್ನ ಕೆಲಸ ಇವುಗಳ ಬಗ್ಗೆ ನಾನು ಈ ಅಂಕಣದಲ್ಲಿ ಬರೆಯುವುದು ಕಡಿಮೆ. ಈ ವಾರ ಬರೆಯದೆ ವಿಧಿಯಿಲ್ಲ. ನಾನು ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ‘ಸಿ’ ಕಲಿಸುತ್ತೇನೆ. ‘ಸಿ’ ಎಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ. ಮನೆ ಭದ್ರಾವತಿಯ ಜನ್ನಾಪುರದಲ್ಲಿ. ದಿನಾ ಬಸ್ಸು.

ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಶೈಲಾ. ನಮ್ಮ ಬೀದಿಯವಳೇ. ಬಿ.ಕಾಂ. ಮುಗಿಸಿ ನಮ್ಮ ಸೆಂಟರಿಗೇ ಕಲಿಯಲು ಸೇರಿದ್ದಳು. ಬಸ್ಸಿನಲ್ಲಿ ನಾನು ಅವಳಿಗೆ ‘ಅಕ್ಕ’. ಸೆಂಟರಿನ ಮೆಟ್ಟಿಲು ಹತ್ತುತ್ತಿದ್ದಂತೆ ‘ಮೇಡಂ’. ಈ ಬದಲಾವಣೆಯನ್ನು ಅವಳು ಒಂದು ದಿನವೂ ಮರೆತದ್ದಿಲ್ಲ.

ಮೇಲಿನ ಜಾತಕ ಅವಳದು.

ಶೇಷದ ಪಾಠ ಮಾಡಿದ ದಿನ ಅವಳು ಕೇಳಿದ ಪ್ರಶ್ನೆ ನನಗೆ ಚೆನ್ನಾಗಿ ನೆನಪಿದೆ. ಏಳನ್ನು ಎರಡರಿಂದ ಭಾಗಿಸಿದರೆ ಶೇಷ ಒಂದು. ಇದಕ್ಕೆ ‘ಸಿ’ಯಲ್ಲಿ ಪರ್ಸೆಂಟ್ ಚಿಹ್ನೆ ಹಾಕಿದರೆ ಸಾಕು. ಆದರೆ ಅದು ಪೂರ್ಣಾಂಕಗಳಿಗೆ ಮಾತ್ರ. ದಶಾಂಶ ಬಿಂದುವಿರುವ ಸಂಖ್ಯೆಯನ್ನು ಕೊಟ್ಟರೆ, ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ‘ಇದು ಕಾನೂನುಬಾಹಿರ’ ಎಂದು ಗದರುತ್ತದೆ.

“ಯಾಕೆ ಮೇಡಂ, ದಶಾಂಶಕ್ಕೆ ಶೇಷ ಇರಲ್ವಾ?”

“ಇರುತ್ತೆ. ಆದ್ರೆ ಅದಕ್ಕೆ ಬೇರೆ ದಾರಿ. ‘ಎಫ್‌ಮಾಡ್’ ಅಂತ ಒಂದು ಫಂಕ್ಷನ್ ಇದೆ. ಅದನ್ನ ಕೇಳಬೇಕು.”

“ಅದು ಸರಿಯಾಗಿ ಹೇಳುತ್ತಾ?”

“ಹೇಳುತ್ತೆ” ಎಂದಿದ್ದೆ. ಅದು ಸುಳ್ಳಲ್ಲ. ಎಫ್‌ಮಾಡ್ ಸುಳ್ಳು ಹೇಳುವುದೇ ಇಲ್ಲ. ಭಯ ಇರುವುದು ಅಲ್ಲೇ.

ವೈಶಾಖದಲ್ಲಿ ಶೈಲಾಗೆ ಸಂಬಂಧ ಕೂಡಿಬಂತು. ವಿನೋಬನಗರದವರು, ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ. ಹುಡುಗ ಉಮೇಶ ಒಳ್ಳೆಯವನು. ಹುಡುಗನ ತಾಯಿ ಗಿರಿಜಮ್ಮನಿಗೆ ಶೈಲಾಳನ್ನು ಕಂಡರೆ ನೋಡಿದ ದಿನದಿಂದಲೇ ಅಕ್ಕರೆ. ಜಾತಕ ಕೇಳಿದವರು ಗಿರಿಜಮ್ಮನಲ್ಲ, ಆಕೆಯ ಓರಗಿತ್ತಿ ಸರ್ವಮಂಗಳಮ್ಮ. “ನಮ್ಮಲ್ಲಿ ಜಾತಕ ಗೀತಕ ನೋಡೋ ಪದ್ಧತಿ ಇಲ್ಲ, ಸುಮ್ನೆ ಒಂದ್ಸಲ ನೋಡಿಬಿಡೋಣ” ಎಂದರಂತೆ. (ನೋಡುವ ಪದ್ಧತಿ ಇಲ್ಲದವರೇ ಹೆಚ್ಚು ನೋಡುತ್ತಾರೆ, ಗಮನಿಸಿದ್ದೀರಾ?)

ಶೈಲಾಳ ಮನೆಯಲ್ಲಿ ಜಾತಕ ಬರೆಸಿರಲಿಲ್ಲ. ಹುಟ್ಟಿದ ದಿನ ಗೊತ್ತಿತ್ತು. ಸಮಯ? “ಮಧ್ಯಾಹ್ನ ಎರಡು ಗಂಟೆ ಸೈರನ್ ಆಗುವಾಗ.” ಭದ್ರಾವತಿಯಲ್ಲಿ ಇದು ಯಾರಿಗೂ ವಿಚಿತ್ರವಲ್ಲ. ಕಾರ್ಖಾನೆಯ ಶಿಫ್ಟು ಬದಲಾಗುವ ಸೈರನ್ನೇ ನಮಗೆ ಗಡಿಯಾರ. ಹಾಲು ಉಕ್ಕಿದ್ದು, ಅಜ್ಜ ಹೋಗಿದ್ದು, ಮಗು ಹುಟ್ಟಿದ್ದು ಎಲ್ಲವೂ ಸೈರನ್‌ಗೆ ಮುಂಚೆ, ಇಲ್ಲವೇ ಸೈರನ್ ಆದ ಮೇಲೆ. ಜನ್ನಾಪುರದಲ್ಲಿ ಸರಿಯಾಗಿ ಎರಡು ಗಂಟೆಗೆ ಹುಟ್ಟಿದವರ ಸಂಖ್ಯೆ ಸಂಶಯ ಬರುವಷ್ಟಿದೆ.

ಆ ಸಮಯ ಹಿಡಿದು ಸರ್ವಮಂಗಳಮ್ಮ ಪೇಟೆಗೆ ಬಂದವರು ನಮ್ಮ ಸೆಂಟರಿಗೇ ಬರಬೇಕೆ? ನಮ್ಮಲ್ಲಿ ಕಂಪ್ಯೂಟರ್ ಜಾತಕವನ್ನೂ ಹಾಕಿಕೊಡುತ್ತಾರೆ. ಅದರ ಪ್ರೋಗ್ರಾಮು ಯಾರು ಬರೆದದ್ದೋ ಯಾರಿಗೂ ಗೊತ್ತಿಲ್ಲ. ಫ್ಲಾಪಿಯಿಂದ ಫ್ಲಾಪಿಗೆ ನಕಲಾಗುತ್ತ, ಯಾವುದೋ ಊರಿನಿಂದ ನಮ್ಮ ಮಾಲೀಕರಾದ ರುದ್ರೇಶ್ ಸರ್ ಕೈ ಸೇರಿದ್ದು. ಬರೆದವರ ಹೆಸರಿರಬೇಕಾದ ಜಾಗದಲ್ಲಿ ಎರಡು ಅಡ್ಡಗೀಟು.

ಅವರು ಹಾಳೆ ಹಾಕಿಸಿಕೊಂಡು ಹೋದದ್ದು ನನಗೆ ತಿಳಿಯಲೇ ಇಲ್ಲ. ತಿಳಿದದ್ದು ಅದರ ಮರುವಾರ. ಪಾಠ ಮುಗಿದು ಹುಡುಗರು ಊಟಕ್ಕೆ ಹೋಗಿದ್ದರು. ಒಬ್ಬ ಹೆಂಗಸು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ತೆಳ್ಳಗಿನ ಮೈ, ಹಣೆಯ ತುಂಬ ವಿಭೂತಿ, ಕತ್ತಿನಲ್ಲಿ ಕರಡಿಗೆ. ಕಂಪ್ಯೂಟರಿಗೆ ಕೈಮುಗಿಯಬೇಕೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿದಂತೆ ಕಂಡಿತು. ಮುಗಿಯಲಿಲ್ಲ.

“ನೀನೇನಾ ಶೈಲಾನ ಮೇಡಂ? ನಾನು ಗಿರಿಜಮ್ಮ. ಉಮೇಶನ ತಾಯಿ.” ಕೈಚೀಲದಿಂದ ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು. “ಐದನೇ ಪಾದ ಅಂದ್ರೆ ಏನಮ್ಮ?”

ನೋಡಿದೆ. ಮತ್ತೊಮ್ಮೆ ನೋಡಿದೆ.

“ನಮ್ಮ ಐನೋರನ್ನ ಕೇಳಿದೆ, ಅಂಥದ್ದೇ ಇಲ್ಲ ಅಂದ್ರು. ಸರ್ವಮಂಗಳ ‘ಇದೆ, ಕಂಪ್ಯೂಟ್ರೇ ಹೇಳಿದೆ’ ಅಂತಾಳೆ. ಫಲ ಅಂತ ಬರ್ದು ಏನೂ ಹಾಕಿಲ್ವಲ್ಲ, ಅದ್ಯಾಕೆ?”

ರುದ್ರೇಶ್ ಸರ್ ಒಳಗಿನ ಕೋಣೆಯಿಂದ ಇಣುಕಿದರು. ಹಾಳೆ ನೋಡಿ ನಕ್ಕರು. “ಅಯ್ಯೋ, ಇಷ್ಟೇನಾ? ಮೇಡಂ, ವೈಟ್ನರ್ ತಗೊಂಡು ಐದನ್ನ ಒಂದು ಮಾಡಿಬಿಡಿ. ಬೇಕಾದ್ರೆ ‘ಫಲ: ಉತ್ತಮ’ ಅಂತ ಟೈಪ್ ಮಾಡ್ಕೊಡೋಣ. ಅಮ್ಮಾರಿಗೆ ಕಾಫಿ ಹೇಳ್ಲಾ?”

“ಕಾಫಿ ಬೇಡ” ಎಂದರು ಗಿರಿಜಮ್ಮ. “ವೈಟ್ನರೂ ಬೇಡ. ಬೆಳಕಿಗೆ ಹಿಡಿದ್ರೆ ಕಾಣುತ್ತೆ. ನಮ್ಮದು ಬಟ್ಟೆ ಅಂಗಡಿ, ಬಣ್ಣ ಬಳಿದಿರೋದು ಯಾವುದು ಅಂತ ನಮಗೆ ಗೊತ್ತಾಗಲ್ವಾ?”

ಸರ್ ಒಳಗೆ ಹೋದರು. ನಾನು ಪ್ರೋಗ್ರಾಮು ತೆರೆದೆ.

ಚಂದ್ರ ಇರುವ ಜಾಗವನ್ನು ಡಿಗ್ರಿಯಲ್ಲಿ ಹೇಳುತ್ತಾರೆ. ಇಡೀ ಆಕಾಶ ಮುನ್ನೂರ ಅರವತ್ತು ಡಿಗ್ರಿ. ಅದನ್ನು ಇಪ್ಪತ್ತೇಳು ನಕ್ಷತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಹದಿಮೂರು ಪೂರ್ಣಾಂಕ ಮೂರನೇ ಒಂದು. ಚಂದ್ರನ ಡಿಗ್ರಿಯನ್ನು ಇದರಿಂದ ಭಾಗಿಸಿದರೆ ಭಾಗಲಬ್ಧ ನಕ್ಷತ್ರವನ್ನು ಹೇಳುತ್ತದೆ. ಶೇಷ ಪಾದವನ್ನು ಹೇಳುತ್ತದೆ. ಮೂರನೇ ತರಗತಿಯ ಲೆಕ್ಕ.

ಶೈಲಾ ಹುಟ್ಟಿದಾಗ ಚಂದ್ರ ಇದ್ದದ್ದು ನೂರಿಪ್ಪತ್ತು ಡಿಗ್ರಿಯಲ್ಲಿ. ಒಂದು ಕಲೆ ಹೆಚ್ಚಿಲ್ಲ, ಒಂದು ಕಲೆ ಕಡಿಮೆಯಿಲ್ಲ. (ಡಿಗ್ರಿಯ ಅರವತ್ತನೇ ಒಂದು ಭಾಗ ಕಲೆ.) ಅದು ಆಶ್ಲೇಷಾ ಮುಗಿದು ಮಖಾ ಶುರುವಾಗುವ ಗೆರೆ. ಒಂಬತ್ತು ನಕ್ಷತ್ರ ಪೂರ್ತಿ ಮುಗಿದಿವೆ. ಶೇಷ ಸೊನ್ನೆ ಇರಬೇಕು.

ಶೇಷ ಎಷ್ಟಿದೆ ಎಂದು ತೋರಿಸುವ ಒಂದು ಸಾಲು ಸೇರಿಸಿ ಓಡಿಸಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಧಾನವಾಗಿ ನಿಂತಿತು. ಯುಪಿಎಸ್ ಕೀಂ ಕೀಂ ಎನ್ನತೊಡಗಿತು. ಕಿಟಕಿಗೆ ದಪ್ಪ ಪರದೆ, ಮಧ್ಯಾಹ್ನವೂ ಕತ್ತಲೆ. ಆ ಕತ್ತಲೆಯಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಅಕ್ಷರಗಳು.

ಭಾಜಕ: 13.333333

ಶೇಷ: 13.333333

ಶೇಷ ಯಾವಾಗಲೂ ಭಾಜಕಕ್ಕಿಂತ ಚಿಕ್ಕದು. ಇದನ್ನು ಕಲಿಯದೆ ಯಾರೂ ಭಾಗಾಕಾರ ಕಲಿಯಲಾರರು. ಇಲ್ಲಿ ಎರಡೂ ಒಂದರ ಕೆಳಗೊಂದು, ಒಂದೇ ಮುಖ ಹೊತ್ತು ನಿಂತಿದ್ದವು. ಬಸ್ ಸ್ಟ್ಯಾಂಡಿಗೆ ಹೋಗಿ ನೆಂಟರನ್ನು ಬಸ್ಸು ಹತ್ತಿಸಿ ಬಂದಿದ್ದೀರಿ. ಮನೆಯ ಬಾಗಿಲು ತೆಗೆದರೆ ಅವರು ಅದೇ ಕುರ್ಚಿಯಲ್ಲಿ, ಅದೇ ಸೀರೆಯಲ್ಲಿ ಕೂತಿದ್ದಾರೆ. ಹೇಗಾಗುತ್ತದೆ?

ನನಗೆ ಹಾಗೇ ಆಯಿತು. ಗಣಿತ ಓದಿದವಳು, ಹೆದರಬಾರದಿತ್ತು. ಹಿಂದೆ ತಿರುಗಿ ನೋಡಿದೆ. ಗಿರಿಜಮ್ಮ ಕೂತಲ್ಲೇ ಇದ್ದರು. ಹಸಿರು ಬೆಳಕು ಅವರ ವಿಭೂತಿಯ ಮೇಲೆ ಬಿದ್ದಿತ್ತು.

“ಏನಾಯ್ತಮ್ಮ?”

“ತಾಳಿ ಅಮ್ಮ, ನೋಡ್ತಿದೀನಿ.”

ಕಾರಣ ಸಿಕ್ಕಿತು. ಕಂಪ್ಯೂಟರಿಗೆ ಮೂರನೇ ಒಂದು ಎನ್ನುವುದನ್ನು ಪೂರ್ತಿ ಬರೆಯಲು ಬರುವುದಿಲ್ಲ. ಅದು ಮುಗಿಯದ ಸಂಖ್ಯೆ. ಎಲ್ಲೋ ಒಂದು ಕಡೆ ಕತ್ತರಿಸಬೇಕು. ಕತ್ತರಿಸುವಾಗ ಈ ಭಾಜಕ ಕೂದಲೆಳೆಯಷ್ಟು ದೊಡ್ಡದಾಗಿಬಿಟ್ಟಿದೆ. ಅಂಥ ಒಂಬತ್ತು ಸೇರಿದರೆ ನೂರಿಪ್ಪತ್ತಕ್ಕಿಂತ ಕೂದಲೆಳೆ ಹೆಚ್ಚು. ಅಂದರೆ ಒಂಬತ್ತನೆಯದು ಒಳಗೆ ಹಿಡಿಸುವುದಿಲ್ಲ. ಎಫ್‌ಮಾಡ್ ಪ್ರಾಮಾಣಿಕ ಪ್ರಾಣಿ. ಎಂಟೇ ಹಿಡಿಸಿದವು ಎಂದು ಒಂಬತ್ತನೆಯದನ್ನು ಇಡಿಯಾಗಿ ಶೇಷವೆಂದು ತಂದು ಮುಂದಿಟ್ಟಿದೆ. ಆದರೆ ಪಕ್ಕದ ಸಾಲಿನ ಸಾಧಾರಣ ಭಾಗಾಕಾರ ಅಷ್ಟು ಕಟ್ಟುನಿಟ್ಟಿನದಲ್ಲ. ಉತ್ತರವನ್ನು ಒಂಬತ್ತಕ್ಕೆ ದುಂಡಗೆ ಮಾಡಿ ಮಖಾ ಎಂದಿದೆ. ಒಂದು ಕೈ ಒಂಬತ್ತೂ ಮುಗಿಯಿತು ಎನ್ನುತ್ತದೆ. ಇನ್ನೊಂದು ಕೈಯಲ್ಲಿ ಒಂಬತ್ತನೆಯದು ಇನ್ನೂ ಇದೆ.

ಪ್ರೋಗ್ರಾಮು ಬರೆದ ಆ ಯಾರೋ ಶೇಷವನ್ನು ಚಿಕ್ಕ ಡಬ್ಬಿಯಲ್ಲಿ ಇಟ್ಟಿದ್ದರು. (ಸಂಖ್ಯೆಗಳನ್ನಿಡಲು ‘ಸಿ’ಯಲ್ಲಿ ದೊಡ್ಡ ಡಬ್ಬಿ, ಚಿಕ್ಕ ಡಬ್ಬಿ ಇವೆ.) ಅಲ್ಲಿ ಆ ಕೂದಲೆಳೆಯ ವ್ಯತ್ಯಾಸವೂ ಉದುರಿ ಶೇಷ ಭಾಜಕದಷ್ಟೇ ಆಯಿತು. ಅದರೊಳಗೆ ನಾಲ್ಕು ಪಾದ ಪೂರ್ತಿ ಮುಗಿದವು. ಎಣಿಕೆ ಒಂದರಿಂದ ಶುರುವಾಗಲಿ ಎಂದು ಒಂದು ಕೂಡಿಸಿದ್ದರು. ಐದು. ಐದನೇ ಪಾದಕ್ಕೆ ಫಲವನ್ನು ಯಾವ ಪಂಚಾಂಗದಲ್ಲಿ ಹುಡುಕುವುದು? ಅದಕ್ಕೇ ಖಾಲಿ.

ಇದನ್ನೆಲ್ಲ ಗಿರಿಜಮ್ಮನಿಗೆ ಬಟ್ಟೆಯ ಭಾಷೆಯಲ್ಲಿ ಹೇಳಿದೆ. “ಅಳತೆಗೋಲು ಒಂದು ಕೂದಲೆಳೆ ಉದ್ದ ಇದೆ ಅಂದ್ಕೊಳ್ಳಿ. ಒಂಬತ್ತು ಗಜದ ಥಾನು ಅಳೆದ್ರೆ ಎಂಟೇ ಗಜ ಸಿಗುತ್ತೆ. ಒಂದು ಗಜ, ಒಂದೆಳೆ ಕಮ್ಮಿ, ಉಳಿದ ಹಾಗಾಗುತ್ತೆ.”

“ಹಾಗಾದ್ರೆ ಅದು ತುಂಡಲ್ಲ, ಪೂರ್ತಿ ಗಜಾನೇ.”

“ಹೌದು.”

“ಹಾಗಾದ್ರೆ ಮಖಾ ಒಂದನೇ ಪಾದ. ಆಶ್ಲೇಷಾ ಅಲ್ಲ?”

ಪ್ರಶ್ನೆ ಇದ್ದದ್ದು ಅಲ್ಲಿ. ಆಶ್ಲೇಷಾ ನಕ್ಷತ್ರದ ಸೊಸೆ ಬಂದರೆ ಅತ್ತೆಗೆ ಆಗದು ಎನ್ನುವ ಮಾತು ನಿಮಗೂ ಗೊತ್ತು. ಗೆರೆಯ ಈಚೆಗೆ ಅತ್ತೆ ಉಳಿಯುತ್ತಾರೆ, ಆಚೆಗೆ ಉಳಿಯುವುದಿಲ್ಲ. ನಾನು ಸ್ವಲ್ಪ ಒರಟಾಗಿಯೇ ಹೇಳಿದೆ. “ನೀವು ಹೆದರೋದೇನೂ ಬೇಡಮ್ಮ. ನಕ್ಷತ್ರ ನೋಡಿ ಯಾರೂ ಸಾಯಲ್ಲ.”

ಗಿರಿಜಮ್ಮ ನಕ್ಕರು. “ಹೆದರಿಕೆ ಎಲ್ಲಿ ಬಂತು ಮಾರಾಯ್ತಿ? ಸಾಯೋದು ಗೊತ್ತಾಗಿದೆ ನಂಗೆ.”

ಯುಪಿಎಸ್ ಕೂಗು ನಿಂತಿತು. ಪರದೆ ಆರಿತು. ಕತ್ತಲಲ್ಲಿ ಅವರ ದನಿ ಮಾತ್ರ.

“ಹೊಟ್ಟೇಲಿ ಗಂಟಿದೆ. ಡಾಕ್ಟ್ರು ಹೇಳಿ ಆಗಿದೆ, ಕಾರ್ತೀಕದ ದೀಪ ನೋಡೋದು ಅನುಮಾನ ಅಂತ. ಮನೇಲಿ ಯಾರಿಗೂ ಹೇಳಿಲ್ಲ. ಹೇಳಿದ್ರೆ ಮದುವೆ ನಿಲ್ಲಿಸ್ತಾರೆ, ನನ್ನ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೊತ್ತು ತಿರುಗ್ತಾರೆ. ನಂಗೆ ಆ ಮಗು ನಮ್ಮನೆಗೆ ಬರೋದು ನೋಡ್ಬೇಕು. ಈಗ ಮದುವೆ ಮಾಡಿದ್ರೆ, ಅವಳು ಬಂದ್ಲು, ಅತ್ತೆ ಹೋದ್ಲು ಅಂತಾಗುತ್ತೆ. ಕಾಲ್ಗುಣ ಅಂತಾರೆ.”

ಕತ್ತಲಲ್ಲೇ ನಾನು ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡೆ.

“ನಾನು ಆ ಮನೆಗೆ ಬಂದು ಕಾಲಿನ ಅರಿಶಿನ ಹೋಗೋದ್ರೊಳಗೆ ನಮ್ಮತ್ತೆ ಹೋದ್ರು. ರಾತ್ರಿ ಮಲಗಿದೋರು ಬೆಳಿಗ್ಗೆ ಏಳಲಿಲ್ಲ. ನನ್ನ ಹತ್ರ ಜಾತಕಾನೂ ಇಲ್ಲ, ನಕ್ಷತ್ರಾನೂ ಇಲ್ಲ. ಯಾವ ಕಾಗದಾನೂ ಇಲ್ದೇ ಕಾಲ್ಗುಣ ಅಂದ್ರು. ಇವಳಿಗೆ ಕಾಗದ ಬೇರೆ ಇದೆ. ಅದ್ರಲ್ಲೂ ಖಾಲಿ ಬಿಟ್ಟಿದೆ. ಖಾಲಿ ಜಾಗದಲ್ಲಿ ಜನ ಏನು ಬೇಕಾದ್ರೂ ಬರ್ಕೋತಾರಲ್ಲಮ್ಮ.”

ಕರೆಂಟು ಬಂದಾಗ ಅವರು ಸೆರಗು ಸರಿಪಡಿಸಿಕೊಂಡು, ಏನೂ ಹೇಳದವರಂತೆ ಕೂತಿದ್ದರು.

ನಾನು ಪ್ರೋಗ್ರಾಮಿಗೆ ಎರಡು ಸಾಲು ಸೇರಿಸಿದೆ. ಶೇಷ ಭಾಜಕಕ್ಕೆ ಕೂದಲೆಳೆಯಷ್ಟು ಹತ್ತಿರವಿದ್ದರೆ ಅದನ್ನು ಸೊನ್ನೆ ಎಂದೇ ತಿಳಿ. ‘ಮಖಾ, ಒಂದನೇ ಪಾದ’ ಎಂದು ಬಂತು. ಫಲದ ಮುಂದೆಯೂ ಏನೋ ಬಂತು. (ಧನಧಾನ್ಯ, ದೀರ್ಘಾಯುಷ್ಯ ಇತ್ಯಾದಿ.) ಹಾಳೆ ಮಡಚಿಕೊಳ್ಳುತ್ತ ಅವರು ಕೇಳಿದರು. “ಇದು ನಿಜಾನಾ? ನನ್ನ ಸಮಾಧಾನಕ್ಕಾ?”

“ಎರಡು ಗಂಟೆ ಅನ್ನೋದು ನಿಜ ಆದ್ರೆ ಇದೂ ನಿಜ.”

“ಅದನ್ನೂ ಕೇಳಿಬಿಡು.”

ಕೇಳಿದೆ. ಅಂದು ಸಂಜೆಯೇ ಶೈಲಾಳ ತಾಯಿ ಸುಶೀಲಕ್ಕನ ಮನೆಗೆ ಹೋದೆ. ಅವರು ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದರು. ಶೈಲಾ ಮನೆಯಲ್ಲೇ ಹುಟ್ಟಿದವಳು. ಹೆರಿಗೆ ಮಾಡಿಸಿದವರು ಪಕ್ಕದ ತಮಿಳು ಮನೆಯ ಅಜ್ಜಿ, ಈಗಿಲ್ಲ. ಆ ಅಜ್ಜಿ ಸೈರನ್‌ಗೆ ಸಂಗು ಎನ್ನುತ್ತಿದ್ದರು. ಸಂಗು ಎಂದರೆ ಶಂಖ.

“ಸರಿಯಾಗಿ ಎರಡು ಗಂಟೆಗೇ ಹುಟ್ಟಿದ್ದಾ ಸುಶೀಲಕ್ಕ?”

“ಸೈರನ್ ಆಗ್ವಾಗ ಕಣೆ.”

“ಶುರು ಆಗುವಾಗಾನಾ, ನಿಲ್ಲುವಾಗಾನಾ?”

ಅವರ ಕೈ ನಿಂತಿತು. “ಶುರುವಾದಾಗ ಇನ್ನೂ ಹುಟ್ಟಿರ್ಲಿಲ್ಲ. ಎಷ್ಟು ಜೋರು ಕೂಗ್ತಿತ್ತು ಅಂದ್ರೆ ನಾನು ಕಿರುಚಿದ್ದೇ ನಂಗೆ ಕೇಳ್ಸಿಲ್ಲ. ಸೈರನ್ ನಿಂತ್ಮೇಲೆ ಪಾಪು ಅಳ್ತಾ ಇರೋದು ಗೊತ್ತಾಯ್ತು. ಅಜ್ಜಿ ಅಂದ್ರು, ‘ಸಂಗೊಳಗೇ ಬಂದ್ಬಿಟ್ಟಿದೆ’ ಅಂತ. ಎಷ್ಟೊತ್ತಿಂದ ಅಳ್ತಿತ್ತೋ ಏನೋ. ಅವಳ ಮೊದಲನೇ ಅಳು ಯಾರೂ ಕೇಳ್ಲಿಲ್ಲ.”

ಪಾತ್ರೆಯ ನೀರು ಚರಂಡಿಗೆ ಹರಿಯುವ ಸದ್ದು.

ಸೈರನ್ ಕೂಗುವುದು ಒಂದು ನಿಮಿಷವೋ, ಅದರ ಆಸುಪಾಸೋ. ನಿಖರವಾದ ಎರಡು ಗಂಟೆ ಅದರ ನಡುವೆ ಎಲ್ಲೋ. ಚಂದ್ರ ಆ ಗೆರೆ ದಾಟಿದ್ದು ಆ ಕೂಗಿನೊಳಗೇ. ಅಳು ಮೊದಲೋ, ಗೆರೆ ಮೊದಲೋ? ಕಂಪ್ಯೂಟರಿನ ಕೂದಲೆಳೆಯನ್ನು ನಾನು ಎರಡು ಸಾಲಿನಲ್ಲಿ ಸರಿಮಾಡಿದ್ದೆ. ಈ ಕೂದಲೆಳೆಗೆ ಏನು ಮಾಡುವುದು? ಇಪ್ಪತ್ತೇಳರಲ್ಲಿ ಯಾವ ನಕ್ಷತ್ರಕ್ಕೂ ಸೇರದ ಒಂದು ಸೀಳಿನಲ್ಲಿ, ಯಾರ ಕಿವಿಗೂ ಬೀಳದೆ, ಒಂದು ಮಗು ಅಳುತ್ತಿದೆ. ಐದನೇ ಪಾದ ಎಂದರೆ ಅದೇ ಏನೋ ಎಂದು ಒಂದು ಕ್ಷಣ ನನಗೂ ಅನಿಸಿತು. ಒಂದೇ ಕ್ಷಣ.

ಮರುದಿನ ಗಿರಿಜಮ್ಮನಿಗೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ.

“ಅಂದ್ರೆ ಯಾರಿಗೂ ಗೊತ್ತಿಲ್ಲ.”

“ಗೊತ್ತಾಗೋ ದಾರೀನೂ ಇಲ್ಲ ಅಮ್ಮ.”

“ಒಳ್ಳೇದೇ ಆಯ್ತು ಬಿಡು. ಆ ಒಂದು ನಿಮಿಷ ನನ್ನ ಲೆಕ್ಕಕ್ಕೆ ಇರ್ಲಿ.” ಆಮೇಲೆ ದನಿ ತಗ್ಗಿಸಿದರು. “ಒಂದು ಮಾತು ಕೊಡು. ನನ್ನ ಕಾಯಿಲೆ ವಿಷ್ಯ ಯಾರಿಗೂ ಹೇಳ್ಬೇಡ. ಆದ್ರೆ ನಾನು ಹೋದ್ಮೇಲೆ ಯಾರಾದ್ರೂ ಆ ಮಗೂನ ಕಾಲ್ಗುಣ ಅಂದ್ರೆ, ಆವಾಗ ಹೇಳು. ನಮ್ಮನೆಗೇ ಬಂದು, ನಡುಮನೇಲಿ ನಿಂತು ಹೇಳು. ಮನುಷ್ಯ ಹೋದ್ಮೇಲೆ ಉಳಿಯೋದು ಮಾತೇ ಕಣಮ್ಮ. ನಮ್ಮತ್ತೆ ಮುಖ ನಂಗೆ ಮರ್ತೋಗಿದೆ. ಜನ ಅಂದಿದ್ದು ಮರ್ತಿಲ್ಲ.”

“ನನ್ನ ಮಾತು ಯಾರು ನಂಬ್ತಾರೆ ಅಮ್ಮ?”

“ಡಾಕ್ಟ್ರಿಗೆ ಹೇಳಿಟ್ಟಿದೀನಿ. ನಮ್ಮ ವಿನೋಬನಗರದೋರೇ. ಕೇಳ್ದೋರಿಗೆ ಹೇಳ್ತಾರೆ. ಆದ್ರೆ ಕೇಳೋ ಹಾಗೆ ಯಾರಾದ್ರೂ ಮಾಡ್ಬೇಕಲ್ಲ.”

ಮಾತು ಕೊಟ್ಟೆ.

ಜ್ಯೇಷ್ಠದಲ್ಲಿ ಮದುವೆಯಾಯಿತು. ಶೈಲಾ ಹೊಸಿಲ ಮೇಲಿನ ಅಕ್ಕಿಯ ಸೇರನ್ನು ಬಲಗಾಲಿನಿಂದ ಮೆಲ್ಲಗೆ ಒದ್ದು ಒಳಗೆ ಹೋದದ್ದನ್ನು ನಾನೇ ನೋಡಿದೆ. ಗಿರಿಜಮ್ಮ ಅವಳ ಪಾದಗಳನ್ನು ನೋಡಲೇ ಇಲ್ಲ. ಮುಖವನ್ನೇ ನೋಡುತ್ತಿದ್ದರು.

ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಾಯಿತು. ಇನ್ನೊಂದು ಬದಲಾವಣೆಯೂ ಆಯಿತು. ರಜೆಯ ದಿನ ಎರಡು ಗಂಟೆಗೆ ಸೈರನ್ ಕೂಗಿದರೆ ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಕಿವಿಗೊಡುತ್ತೇನೆ. ಅದರೊಳಗೆ ಇನ್ನೇನೋ ಇದೆಯೇ? ಇರುವುದಿಲ್ಲ ಎಂದು ಗೊತ್ತು. ನಿಂತ ಮೇಲೂ ಸ್ವಲ್ಪ ಹೊತ್ತು ಕೇಳುತ್ತೇನೆ.

ಗಿರಿಜಮ್ಮ ಶ್ರಾವಣದಲ್ಲಿ ಹೋದರು. ಡಾಕ್ಟರು ಹೇಳಿದ್ದಕ್ಕಿಂತ ಬೇಗ. ಮನೆಯವರಿಗೆ ಗೊತ್ತಾದದ್ದು ಹೊಟ್ಟೆನೋವು ಎಂದಷ್ಟೇ.

ಕಳೆದ ವಾರ ಅವರ ಶಿವಗಣಾರಾಧನೆ. ಮನೆಯ ಮುಂದೆ ಶಾಮಿಯಾನ, ಒಳಗೆ ಅವರ ಫೋಟೋ, ಫೋಟೋಗೆ ಮಲ್ಲಿಗೆ ಹಾರ. ಹೆಂಗಸರ ಪಂಕ್ತಿಯಲ್ಲಿ ನನಗೆ ಜಾಗ ಸಿಕ್ಕಿತು. ಶೈಲಾ ಪಾಯಸ ಬಡಿಸುತ್ತ ಬರುತ್ತಿದ್ದಳು. ನನ್ನ ಎದುರು ಸಾಲಿನಲ್ಲಿ ಸರ್ವಮಂಗಳಮ್ಮ.

“ನಾನು ಅವತ್ತೇ ಹೇಳ್ಲಿಲ್ವಾ? ಐದನೇ ಪಾದ ಅಂತ ಬಂದಿತ್ತು. ಆಮೇಲೆ ಗಿರಿಜಕ್ಕ ಯಾವ್ದೋ ಬೇರೆ ಹಾಳೆ ತಂದು ತೋರಿಸ್ತು. ಮೊದ್ಲು ಬಂದಿದ್ದೇ ಖರೆ.”

ಪಕ್ಕದವರು ಕೈಯಲ್ಲಿದ್ದ ತುತ್ತನ್ನು ಎಲೆಗೇ ಬಿಟ್ಟರು. “ಕಂಪ್ಯೂಟ್ರಲ್ಲೇ ಬಂದಿತ್ತಾ?”

“ಹ್ಞೂಂ ಮತ್ತೆ! ಫಲ ಅಂತ ಬರ್ದು ಮುಂದೆ ಏನೂ ಇಲ್ಲ. ಅದಕ್ಕೇ ಹೆದರಿಕೆ ಆಗಿ ನಿಲ್ಲಿಸಿಬಿಟ್ಟಿದೆ ಅದು. ನಾಲ್ಕು ಪಾದ ಇರೋ ಕಡೆ ಐದನೇದನ್ನ ತಂದು ಮನೇಲಿ ಇಟ್ರೆ ಇನ್ನೇನಾಗುತ್ತೆ? ಕಾಲ್ಗುಣ.”

ಕಂಪ್ಯೂಟರಿಗೆ ಹೆದರಿಕೆಯಾಯಿತಂತೆ! ನಗಬೇಕಿತ್ತು. ಯಾರೂ ನಗಲಿಲ್ಲ.

ಅಳಿಯನ ಕಾಲ್ಗುಣ ಎಂದು ಯಾರಾದರೂ ಹೇಳಿದ್ದನ್ನು ನೀವು ಕೇಳಿದ್ದೀರಾ? ಮಾವ ಸತ್ತಾಗ ಅಳಿಯನ ಪಾದ ಎಣಿಸಿದವರನ್ನು ಕಂಡಿದ್ದೀರಾ? ಭಾಗಿಸಿ ಭಾಗಿಸಿ ಕೊನೆಗೆ ಯಾರ ಲೆಕ್ಕಕ್ಕೂ ಸೇರದೆ ಉಳಿಯುವ ಸಾವನ್ನು ನಾವು ತಂದಿಡುವುದು ಹೊಸದಾಗಿ ಬಂದವಳ ಎಲೆಗೆ.

ಶೈಲಾ ಕೇಳಿಸಿಕೊಂಡಳು. ಸೌಟು ಒಂದು ಕ್ಷಣ ಗಾಳಿಯಲ್ಲಿ ನಿಂತು, ಆಮೇಲೆ ನನ್ನ ಎಲೆಗೆ ಪಾಯಸ ಬಿತ್ತು. “ಇನ್ನೊಂಚೂರು ಹಾಕ್ಲಾ ಅಕ್ಕ?” ಎಂದಳು. ಅದೇ ದನಿ. ಆದರೆ ಮುಂದಿನ ಎಲೆಗೆ ಹೋಗುವಾಗ ಅವಳು ತನ್ನ ಪಾದಗಳನ್ನು ನೋಡಿಕೊಂಡು ನಡೆಯುತ್ತಿದ್ದಳು. ಒಂದು, ಇನ್ನೊಂದು. ಎಣಿಸುತ್ತಿದ್ದಾಳೆ ಎನಿಸಿತು.

ನೂರು ಜನರ ನಡುವೆ ನನಗೆ ದನಿ ಏಳುವುದಿಲ್ಲ. ಎದ್ದರೂ ಆ ಪಂಕ್ತಿಯ ಗದ್ದಲದಲ್ಲಿ ಯಾರಿಗೆ ಕೇಳುತ್ತಿತ್ತು? ಗಿರಿಜಮ್ಮ ಹೇಳಿದ್ದು ನಡುಮನೆ. ಊಟ ಮುಗಿಸಿ, ಫೋಟೋಗೆ ಕೈಮುಗಿದು ಬಸ್ಸು ಹತ್ತಿದೆ. ಪಕ್ಕದ ಸೀಟಿನಲ್ಲಿ ದಾರಿಯುದ್ದಕ್ಕೂ ಯಾರೂ ಕೂರಲಿಲ್ಲ. ಬಸ್ಸಿನಲ್ಲಿ ನಿಂತ ಜನವಿದ್ದರು, ಆದರೂ.

(ಹೆಸರುಗಳನ್ನು ಬದಲಿಸಿದ್ದೇನೆ. ಇದನ್ನು ಬರೆಯಬಹುದೇ ಎಂದು ಶೈಲಾಳನ್ನು ಕೇಳಿದೆ. “ಬರಿ ಅಕ್ಕ, ಐದನೇದು ಎಲ್ಲಿಂದ ಬಂತು ಅನ್ನೋದನ್ನ ಮಾತ್ರ ಬಿಡಬೇಡ” ಎಂದಳು.)

ಆರಾಧನೆಯ ಮರುದಿನ ಬೆಳಿಗ್ಗೆ ರುದ್ರೇಶ್ ಸರ್‌ಗೆ ರಜೆ ಹೇಳಿ ನೇರ ವಿನೋಬನಗರಕ್ಕೆ ಹೋದೆ. ಬಾಗಿಲು ತೆರೆದವಳು ಶೈಲಾ. ಉಮೇಶ, ಅವನ ತಂದೆ, ಸರ್ವಮಂಗಳಮ್ಮ ಎಲ್ಲರೂ ಕಾಫಿ ಲೋಟ ಹಿಡಿದು ನಡುಮನೆಯಲ್ಲೇ ಕೂತಿದ್ದರು. ನಾನು ಅಲ್ಲೇ ನಿಂತು, ಹೊಟ್ಟೆಯ ಗಂಟಿನಿಂದ ಹಿಡಿದು ಫೋನಿನಲ್ಲಿ ಕೊಟ್ಟ ಮಾತಿನವರೆಗೆ, ಡಾಕ್ಟರ ಹೆಸರನ್ನೂ ಸೇರಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ಹೊಸಿಲು ದಾಟುವಾಗ ಯಾವ ಕಾಲು ಮೊದಲಿಟ್ಟೆನೋ, ನೋಡಿಕೊಳ್ಳಲಿಲ್ಲ.